ಕ್ಯಾಬಿನ್ನಿನ ಪರದೆ

ಡ್ರೈವರ್ ಅಮೃತಪ್ಪ ಗೇಟು ದಾಟಿ ಬರುವುದು ಕಾಣುತ್ತಲೇ ಶಾಂತಕುಮಾರ ತನ್ನ ಲಾರಿಯ ಕ್ಯಾಬಿನ್ ಹತ್ತಿ, ಡ್ರೈವರು ಮಲಗುವ ಹಲಗೆಯ ಮೇಲೆ ಮುದುಡಿ ಕೂತು ಪರದೆ ಎಳೆದುಕೊಂಡ. ನಾಚಾರಂನ ಕಾರ್ಖಾನೆಗಳಿಂದ ಲೋಡು ಬರುವುದು ನಿಂತಮೇಲೆ ಅವನ ಲಾರಿಗಳು ಒಂದೊಂದಾಗಿ ಹೋಗಿದ್ದವು. ಉಳಿದಿದ್ದ ಇದನ್ನೂ ನಿನ್ನೆ ಮಾರಿಬಿಟ್ಟಿದ್ದ. ಹೊಸದಿದ್ದಾಗಿನಿಂದ ಇದನ್ನು ಓಡಿಸಿದವನಿಗೆ ಆ ಮಾತು ಹೇಳುವ ಮುಖ ಅವನಿಗಿರಲಿಲ್ಲ.

ಹೆಜ್ಜೆ ಸಪ್ಪಳ ಆಫೀಸಿನತ್ತ ಹೋಗದೆ ಲಾರಿಯತ್ತಲೇ ಬಂತು. ಅಮೃತಪ್ಪ ಸೀಟಿಗೇರಿ ಎಂಜಿನ್ ಶುರು ಮಾಡಿದ. ಕನ್ನಡಿ ಒರೆಸಿ, ಹಾಸಿಗೆ ಕೊಡವಲೆಂದು ಪರದೆ ಸರಿಸಿದ. ಮಂಡಿಗೆ ಗದ್ದ ಊರಿ ಕೂತಿದ್ದ ಮಾಲೀಕನನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

“ನಿದ್ದಿ ಹತ್ತಿತ್ತೇನ್ರಿ ಸಾವ್ಕಾರ್ರ? ಮಲ್ಕೋರಿ, ಮಲ್ಕೋರಿ,” ಎಂದು ತಾನೇ ತಪ್ಪು ಮಾಡಿದವನಂತೆ ಮುಖ ತಿರುಗಿಸಿದ. “ಲೋಡ್ ಬಂದ ದಿನ ಗಾಡಿ ಕೈ ಕೊಡಬಾರ್ದಲ್ರಿ. ಅದಕ್ಕ ಆಗಾಗ ಬಂದು ಚಾಲೂ ಮಾಡಿ ಹೋಗಾಕತ್ತೀನಿ.”

ಸಂಬಳ ನಿಂತು ತಿಂಗಳುಗಳಾದವನ ಮಾತು ಕೇಳಿ ಶಾಂತಕುಮಾರನ ಕಿವಿಗಳು ಬಿಸಿಯಾದವು. ನಿದ್ದೆಯ ನೆಪ ಎದುರಿಗೇ ಇತ್ತು, ಹಿಡಿದುಕೊಳ್ಳಲು ಮನಸ್ಸಾಗಲಿಲ್ಲ.

“ನಿದ್ದಿ ಅಲ್ಲೋ ಅಮೃತಪ್ಪ. ನಿನ್ನ ನೋಡಿ ಅಡಗಿ ಕುಂತಿದ್ದೆ. ಗಾಡಿ ಮಾರೀನಿ.”

ಅಮೃತಪ್ಪ ಎಂಜಿನ್ ಆರಿಸಿದ. ಕೀಲಿ ತೆಗೆಯಲಾಗದೆ, ಅದರ ಮೇಲೆ ಕೈಯಿಟ್ಟುಕೊಂಡೇ ಕೂತ.