ಮಗ್ಗದಲ್ಲಿ ಉಳಿದ ಎಸ್ಪಾದ

ವರ್ಷಕ್ಕೊಂದು ದಿನ ವಸ್ತುಗಳು ತಮ್ಮ ಹೆಸರಿನ ಮೊದಲ ಅರ್ಥಕ್ಕೆ ಮರಳುತ್ತಿದ್ದವು. ಕಾರವಾರದವರು ಅಂದು ಯಾವ ಕೆಲಸಕ್ಕೂ ಹೊರಡುತ್ತಿರಲಿಲ್ಲ.

ಅದನ್ನು ಮರೆತು, ಬೇಲಿಯ ಜಗಳಕ್ಕೆ ನೆರೆಯವನನ್ನು ಕಡಿಯಲು ಹೋದ ಕಾಯ್ತಾನ ಮರದ ಪಟ್ಟಿ ಹಿಡಿದು ವಾಪಸು ಬಂದ. ಅವನು ಒಯ್ದಿದ್ದ ಅಜ್ಜನ ಪೋರ್ಚುಗೀಸ್ ಖಡ್ಗದ ಹೆಸರು ಎಸ್ಪಾದ. ಮೂಲದಲ್ಲಿ, ಗ್ರೀಕರಲ್ಲಿ, ಅದು ಮಗ್ಗದ ನೂಲನ್ನು ಬಡಿದು ಕೂರಿಸುವ ಪಟ್ಟಿಯ ಹೆಸರಾಗಿತ್ತು.

"ಅಂವ ನಕ್ಕ, ಅಕ್ಕಾ. ನಾಳೆ ಇದು ಮತ್ತೆ ಕತ್ತಿಯಾಗ್ತದಲ್ಲ, ಆಗ ನಗ್ಲಿ."

"ಅಲ್ಲೀವರೆಗೆ ಇಲ್ಲಿ ಕೊಡು," ಎಂದಳು ಮಗ್ಗದ ಮುಂದಿದ್ದ ಫಿಲೊಮಿನಾ. ಕಾಯ್ತಾನನ ಮಗಳ ಮದುವೆಗೆಂದು ಸೀರೆ ನೇಯುತ್ತಿದ್ದಳು. ಸಂಜೆಯವರೆಗೆ ಆ ಪಟ್ಟಿಯಿಂದಲೇ ನೂಲು ಬಡಿದು, ಅದನ್ನು ಹಾಸಿನ ಎಳೆಗಳ ನಡುವೆಯೇ ಬಿಟ್ಟು ಎದ್ದಳು.

ಬೆಳಿಗ್ಗೆ ಎಳೆಗಳ ನಡುವೆ ಖಡ್ಗ ಹೊಳೆಯುತ್ತಿತ್ತು. ಎಳೆದರೆ ಸೀರೆ ಹರಿಯುತ್ತಿತ್ತು. ಕಾಯ್ತಾನ ಹಿಡಿಯತ್ತ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ.

"ಇದನ್ನ ಯಾವಾಗ ತೆಗೀಬಹುದು?"

"ಮುಂದಿನ ವರ್ಷ, ಅದೇ ದಿನ."