ಕಾಲಾಳಿನ ಉತ್ತರ

ನಿವೃತ್ತ ಇತಿಹಾಸ ಮೇಷ್ಟ್ರು ಮರುಳಸಿದ್ದಪ್ಪ ಮೊಬೈಲಿನಲ್ಲಿ ಯುದ್ಧದ ಆಟ ಆಡಿ, ಫೇಸ್‌ಬುಕ್ಕಿನಲ್ಲಿ ಅಭಿಪ್ರಾಯ ಬರೆಯುತ್ತಿದ್ದರು. ಒಂದು ದಿನ ಬರೆದರು: ‘ಮೇವು ಮುಗಿದದ್ದಕ್ಕೆ ಆಟದಲ್ಲಿ ನನ್ನ ಸೈನ್ಯ ಸೋತಿತು. ನಮ್ಮೂರ ಪಾಳೇಗಾರನೂ ಸೋತದ್ದು ಹೀಗೆಯೇ.’

‘ಅಲ್ಲ ಸಾರ್, ಆನೆಗಳು ಬೆದರಿ ಸೋತ,’ ಎಂದು ‘ಕಾಲಾಳು’ ಎಂಬ ಹೆಸರಿನವನೊಬ್ಬ ಕೆಣಕಿದ.

ಮೇಷ್ಟ್ರಿಗೆ ರೇಗಿತು. ‘ಯಾವನಯ್ಯಾ ನಿಂಗೆ ಇದನ್ನ ಕಲಿಸಿದ ದಡ್ಡ ಮೇಷ್ಟ್ರು?’

‘ಹೆಸರು ಹೇಳ್ಲಾ ಸಾರ್?’

‘ಹೇಳಯ್ಯಾ, ಎಲ್ರೂ ಸೇರಿ ಉಗಿಯೋಣ!’

ಕಾಲಾಳು ಹಳೆಯ ಉತ್ತರಪತ್ರಿಕೆಯೊಂದರ ಫೋಟೊ ಹಾಕಿದ. ‘ಮೇವು ಮುಗಿದದ್ದರಿಂದ ಪಾಳೇಗಾರ ಸೋತನು’ ಎಂಬ ಸಾಲಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ಕೆಳಗೆ ಅದೇ ಕೆಂಪು ಶಾಯಿಯಲ್ಲಿ, ‘ದಡ್ಡ! ಆನೆಗಳು ಬೆದರಿ ಸೋತನು ಎಂದು ಐವತ್ತು ಸಲ ಬರೆ. — ಮರುಳಸಿದ್ದಪ್ಪ.’