ಅಂಗಿ ಹಿಡಿದು ನಿಂತವಳು

ಎದೆಗೆ ತಣ್ಣನೆಯ ಜೆಲ್ಲು ಹಚ್ಚುವಾಗಲೂ ತಾನೇಕೆ ಈ ಮಂಚದ ಮೇಲೆ ಮಲಗಿದ್ದೇನೆಂದು ಬಸ್ ಡ್ರೈವರನಿಗೆ ತಲೆಬುಡ ತಿಳಿಯಲಿಲ್ಲ. ದವಡೆ ನೋವು, ವಾಕರಿಕೆ ಎನ್ನುತ್ತಿದ್ದ ಹೆಂಡತಿಯನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿ ಆಸ್ಪತ್ರೆಗೆ ಕರೆತಂದವನೇ ಅವನು. ಅವಳ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಆದರೆ ಗಾಬರಿಗೆ ಬೆವತು ಏದುಸಿರು ಬಿಡುತ್ತಿದ್ದ ಅವನನ್ನು ಬಾಗಿಲಲ್ಲೇ ಕಂಡ ನರ್ಸು, ಹಿಂದೆಮುಂದೆ ನೋಡದೆ ಗಾಲಿಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದಳು. ಕುರ್ಚಿ ತಳ್ಳಿದ್ದು ಹೆಂಡತಿ.

“ಸಿಸ್ಟರ್, ನಂಗೇನೂ ಆಗಿಲ್ಲ, ಇವಳಿಗೆ...”

“ಗಂಡಸರೆಲ್ಲ ಇದನ್ನೇ ಹೇಳೋದು. ಮಾತಾಡ್ಬೇಡಿ, ಅಲುಗಾಡ್ಬೇಡಿ.”

ಜೊತೆಗೆ ಬಂದವರನ್ನೂ ಪರೀಕ್ಷಿಸುವುದು ಇಲ್ಲಿಯ ಪದ್ಧತಿಯೋ ಏನೋ? ಅಥವಾ ತನಗೇ ಏನಾದರೂ ಆಗಿಬಿಟ್ಟಿದೆಯೋ? ವೈರು ಅಂಟಿಸಿಕೊಂಡು ಮಲಗಿದವನಿಗೆ ತನ್ನ ಮೇಲೇ ಅನುಮಾನ ಬಂತು. ಹೆಂಡತಿ ಅವನ ಅಂಗಿಯನ್ನು ನೀಟಾಗಿ ಮಡಿಸಿ ಹಿಡಿದು, ಗೋಡೆಗೆ ಒರಗಿ, ದವಡೆ ಒತ್ತಿಕೊಳ್ಳುತ್ತಿದ್ದಳು.

ಡಾಕ್ಟರು ಇಸಿಜಿ ಪಟ್ಟಿ ನೋಡಿ ನಕ್ಕರು. “ಹಾರ್ಟು ಗಟ್ಟಿಮುಟ್ಟಾಗಿದೆಯಲ್ರೀ. ನೋವೆಲ್ಲಿ?”

“ನೋವು ಅವಳಿಗೆ ಡಾಕ್ಟ್ರೇ. ದವಡೆ, ಬೆನ್ನು. ಬೆಳಗ್ಗೆಯಿಂದ...”

ಡಾಕ್ಟರ ನಗು ಅಲ್ಲೇ ಆರಿತು; ಹೆಂಗಸರಿಗೆ ಹಾರ್ಟ್ ಅಟ್ಯಾಕು ಎಷ್ಟೋ ಸಲ ಹೀಗೇ ಶುರುವಾಗುತ್ತದೆಂದು ಅವರಿಗೆ ಗೊತ್ತಿತ್ತು. ಸರ್ರನೆ ಗೋಡೆಯತ್ತ ತಿರುಗಿದರು. “ನೀವ್ಯಾಕಮ್ಮ ಇಷ್ಟು ಹೊತ್ತು ಬಾಯಿ ಬಿಡ್ಲಿಲ್ಲ?”

ಅವಳ ಮುಖ ಸುಣ್ಣದಂತೆ ಬಿಳುಪೇರಿತ್ತು.

“ಮೊದಲು ಇವರದು ಮುಗೀಲಿ ಅಂತ. ನಂದು ಬರೀ ದವಡೆ ನೋವಲ್ವಾ?” ಎಂದು ಅಂಗಿಯನ್ನು ಗಂಡನತ್ತ ಚಾಚಿದಳು.

ಅವನು ವೈರುಗಳ ಸಮೇತ ಮಂಚದಿಂದ ಜಿಗಿದ. ಅಂಗಿ ನೆಲಕ್ಕೆ ಬಿತ್ತು. ಅವಳು ಅವನ ತೋಳಿಗೆ.